ತಲೆ ಮುಂದೆ

"ತಲೆ ಹಿಂದಾತಲ್ಲೋ ನಾಗೇಶ" ಎಂದ ಮಾಳೇಶ.

ನಾಗೇಶ ಕತ್ತೆತ್ತಲಿಲ್ಲ. ಮಾಳೇಶನ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿಕೊಂಡು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹೊಸ ಚೈನಿನ ಎರಡು ತುದಿಗಳನ್ನು ಕೆಳಗಡೆ ಸೇರಿಸಿ ಲಾಕ್ ಹಾಕುತ್ತಿದ್ದ. ಸಂತೆಯ ದಿನ ಶಿರಾಳಕೊಪ್ಪದ ಗ್ಯಾರೇಜಿನಲ್ಲಿ ಸರದಿ ಸಿಗುವುದೆಂದರೆ ಮದುವೆ ಮನೆಯಲ್ಲಿ ಸ್ನಾನಕ್ಕೆ ಬಿಸಿನೀರು ಸಿಕ್ಕ ಹಾಗೆ. ಸಿಕ್ಕವರು ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿಕೊಂಡು ಹೋಗಬೇಕು. ಮಾಳೇಶನೂ ಅಷ್ಟು ಹೊತ್ತು ಹಳೆಯ ಟೈರಿನ ಮೇಲೆ ಸುಮ್ಮನೆ ಕೂತಿದ್ದ. ಈ ಒಂದು ವರ್ಷದಲ್ಲಿ ಸುಮ್ಮನೆ ಕೂರುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

ಚೈನ್ ಲಾಕ್ ಎಂದರೆ ದೊಡ್ಡ ಸಾಮಾನೇನಲ್ಲ. ಎರಡು ಪುಟ್ಟ ಗೂಟಗಳಿರುವ ಒಂದು ಕೊಂಡಿ, ಅದರ ಮೇಲೊಂದು ಪಟ್ಟಿ, ಪಟ್ಟಿ ಕಳಚದಂತೆ ಹಿಡಿಯುವ ಬೆರಳ ತುದಿಯಷ್ಟು ಕ್ಲಿಪ್ಪು. ಕ್ಲಿಪ್ಪಿನ ಒಂದು ಕಡೆ ದುಂಡಗೆ ಮುಚ್ಚಿರುತ್ತದೆ, ಇನ್ನೊಂದು ಕಡೆ ಸೀಳಿರುತ್ತದೆ. ಮುಚ್ಚಿದ್ದು ತಲೆ, ಸೀಳಿದ್ದು ಬಾಲ. ಕುರಿ ನಡೆದ ಹಾಗೆ ತಲೆ ಮುಂದಿರಬೇಕು, ಬಾಲ ಹಿಂದಿರಬೇಕು ಎಂದು ಮಾಳೇಶನಿಗೆ ಹೇಳಿಕೊಟ್ಟವನು ಇದೇ ನಾಗೇಶ. ಕುರಿ ಸಾಕುವವರ ಮನೆಯವನಿಗೆ ಕುರಿಯ ಲೆಕ್ಕದಲ್ಲೇ ಹೇಳಿದರೆ ಮರೆಯುವುದಿಲ್ಲವೆಂದು ಹಾಗೆ ಹೇಳಿದ್ದ. ಈಗ ಅವನೇ ಕ್ಲಿಪ್ಪಿನ ತಲೆಯನ್ನು ಗಾಡಿಯ ಹಿಂಬದಿಗೆ ಮಾಡಿ ಒತ್ತುತ್ತಿದ್ದುದನ್ನು ಕಂಡು ಮಾಳೇಶ ಬಾಯಿಬಿಟ್ಟಿದ್ದ.

"ಗಾಡಿ ಹೋಗೋ ಕಡೆಗಲ್ಲ ಮಾರಾಯ, ಚೈನ್ ಹೋಗೋ ಕಡೆಗೆ" ಎಂದ ನಾಗೇಶ. ಅವನು ಸೊರಬದ ಕಡೆಯವನು, ಬೈಯುವಾಗಲೂ ಮಾತು ಮೆತ್ತಗಿರುತ್ತಿತ್ತು. "ಮೇಲ್ಗಡೆ ಚೈನ್ ಮುಂದಕ್ಕೆ ಹೋಗ್ತದೆ. ಕೆಳಗಡೆ ಅದೇ ಚೈನ್ ಹಿಂದಕ್ಕೆ ಬರ್ತದೆ. ನಾನು ಕೆಳಗಡೆ ಹಾಕ್ತಾ ಇದೀನಲ್ಲ, ಅದಕ್ಕೆ ತಲೆ ಹಿಂದೆ. ನೋಡು ಬೇಕಾದ್ರೆ."

ಅವನು ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ತಿರುಗಿಸಿದ. ಹೊಳೆಯುವ ಕ್ಲಿಪ್ಪು ಕೆಳಗಿನಿಂದ ಹಿಂದೆ ಸರಿಯಿತು, ಹಲ್ಲಿನ ಚಕ್ರವನ್ನು ಬಳಸಿ ಮೇಲೆ ಹತ್ತಿತು, ಆಮೇಲೆ ಮುಂದಕ್ಕೆ ಹೊರಟಿತು. ತಲೆ ಮುಂದಿತ್ತು. ಬಾಲ ಹಿಂದಿತ್ತು.

ಮಾಳೇಶ ಅದನ್ನು ನೋಡಿದ. ಇನ್ನೊಂದು ಸಲ ತಿರುಗಿಸು ಎಂದ. ನಾಗೇಶ ತಿರುಗಿಸಿದ. ತಿರುಗುಮುರುಗು ಹಾಕಿದರೆ ಏನಾಗುತ್ತದೆ ಎಂದು ಕೇಳಿದಾಗ, ಕೆಲವು ಸಲ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ, ಕೆಲವು ಸಲ ಯಾವುದಕ್ಕಾದರೂ ತಾಗಿ ಸೀಳಿನ ಕಡೆಯಿಂದ ಕ್ಲಿಪ್ಪು ಎದ್ದು ಹಾರಿಹೋಗುತ್ತದೆ, ಹಾರಿತೆಂದರೆ ಪಟ್ಟಿ ಕಳಚಿ ಚೈನು ಬಿಚ್ಚಿಕೊಂಡು ಚಕ್ರಕ್ಕೆ ಸಿಕ್ಕಿ ಚಕ್ರ ನಿಂತುಬಿಡುತ್ತದೆ ಎಂದು ನಾಗೇಶ ಕೈ ಒರೆಸಿಕೊಳ್ಳುತ್ತಾ ಹೇಳಿದ. ಹೇಳಿ ಮುಂದಿನ ಗಾಡಿಗೆ ಹೋದ. ಯತೀಶನ ನೆನಪು ಅವನಿಗೆ ಬಂದಂತೆ ಕಾಣಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಯತೀಶ ಸತ್ತದ್ದು ರಸ್ತೆಯಲ್ಲಿ ಹರವಿದ್ದ ಮೆಕ್ಕೆಜೋಳದ ಮೇಲೆ ಜಾರಿ ಎಂದು ಶಿರಾಳಕೊಪ್ಪದಿಂದ ಶಿಕಾರಿಪುರದವರೆಗೆ ಎಲ್ಲರಿಗೂ ಗೊತ್ತಿತ್ತು.

ಯತೀಶ ಮಾಳೇಶನ ತಮ್ಮ. ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಅಪ್ಪ ಕರಿಯಣ್ಣ ಕುರಿ ಮಂದೆಯನ್ನು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಡೆ ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆ ನಿಲ್ಲಿಸಿದ್ದ. ಕಾಡಂಚು, ಕುರಿಗಳಿಗೆ ರಕ್ತ ಹೀರುವ ಉಣುಗು ಹತ್ತಿವೆ, ಔಷಧಿ ಕಳಿಸಿ ಎಂದು ಫೋನು ಮಾಡಿದ್ದ. ಅದೇ ದಿನ ಯತೀಶನ ಗಾಡಿಯ ಲಾಕು ಊರ ಬಾಗಿಲಲ್ಲೇ ಬಿದ್ದುಹೋಗಿ, ಅವನು ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದಿದ್ದ. ಸಂತೆಗೆ ಹೋಗಿದ್ದ ಮಾಳೇಶ ಫೋನಿನಲ್ಲಿ ಸುದ್ದಿ ತಿಳಿದು ನಾಗೇಶನ ಹತ್ತಿರದಿಂದ ಕಾಗದದಲ್ಲಿ ಸುತ್ತಿದ ಲಾಕನ್ನೂ ಕುರಿಯ ಲೆಕ್ಕದ ಪಾಠವನ್ನೂ ತಂದ. ಬಿಸಿಲು ಇನ್ನೂ ಇದ್ದಾಗಲೇ ಅಂಗಳದಲ್ಲಿ ಕೂತು ಹಾಕಿದ. ಮೇಲ್ಗಡೆ ಚೈನ್ ಕವರು ಅಡ್ಡ ಬರುತ್ತದೆಂದು ಕೈಗೆ ಎಟುಕುವ ಕೆಳಗಡೆ ಹಾಕಿದ. ಕ್ಲಿಪ್ಪನ್ನು ಇಕ್ಕಳದಲ್ಲಿ ಒತ್ತುವಾಗ ಗಾಡಿ ಯಾವ ಕಡೆ ಮುಖ ಮಾಡಿ ನಿಂತಿದೆಯೆಂದು ಎದ್ದು ನೋಡಿಕೊಂಡು ಕೂಡ ಬಂದಿದ್ದ. ತಲೆ ಮುಂದೆ ಎಂದು ಬಾಯಿಬಿಟ್ಟು ಹೇಳಿಕೊಂಡೇ ಒತ್ತಿದ್ದ. ಮಂದೆ ಎಂದ ಮೇಲೆ ಅದು ಒಂದೇ ದಿಕ್ಕಿಗೆ ಹೋಗುತ್ತದೆ. ಮೇಲೆ ಹೋಗುತ್ತಾ ಕೆಳಗೆ ವಾಪಸು ಬರುವ ಮಂದೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮಾರನೆಯ ದಿನ ಔಷಧಿ ತೆಗೆದುಕೊಂಡು ಅಪ್ಪನ ಹತ್ತಿರ ಹೊರಟ ಯತೀಶ ತಾಳಗುಂದ ದಾಟಿದ ಮೇಲೆ ಬಿದ್ದ. ಅಲ್ಲಿ ಆ ಊರಿನ ಜಯಪ್ಪ ಎಂಬುವವನು ತನ್ನ ಹೊಲದ ಎದುರಿಗೆ ಅರ್ಧ ಟಾರು ರಸ್ತೆಯ ತುಂಬ ಮೆಕ್ಕೆಜೋಳ ಒಣಗಲು ಹರವಿದ್ದ. ಆ ಹಂಗಾಮಿನಲ್ಲಿ ಹರವದವರು ಯಾರು? ಮೈಲುಗಟ್ಟಲೆ ರಸ್ತೆ ಹಳದಿಯಾಗಿರುತ್ತದೆ. ಯತೀಶನ ತಲೆ ಮೋರಿಯ ಕಟ್ಟೆಗೆ ಬಡಿದಿತ್ತು, ಮೈ ಜೋಳದ ಮೇಲಿತ್ತು, ಚೈನು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಬಿಗಿದಿತ್ತು. ಬಿದ್ದ ಏಟಿಗೆ ಚೈನು ಹರಿದಿದೆ ಎಂದರು ನೋಡಿದವರು. ಮಾಳೇಶ ಓಡಿಬಂದಾಗ ಟಾರಿನ ಮೇಲೆ ಟೈರು ಉಜ್ಜಿದ ಕಪ್ಪು ಗೆರೆಯೊಂದು ಕಂಡಿತ್ತು. ಅದು ಜೋಳಕ್ಕಿಂತ ಎಷ್ಟೋ ಹಿಂದೆ, ಹೊಂಗೆ ಮರದ ಹತ್ತಿರವೇ ಶುರುವಾಗಿತ್ತು. ದೂರದಿಂದಲೇ ಜೋಳ ಕಂಡು ಬ್ರೇಕು ತುಳಿದಿದ್ದಾನೆ ಎಂದರು. ಹೌದು ಎಂದ ಮಾಳೇಶ. ಪೊಲೀಸರ ಮುಂದೆಯೂ ಹಾಗೇ ಹೇಳಿದ.

ಹನ್ನೊಂದನೆಯ ದಿನ ಜಯಪ್ಪ ಬಂದು ಅಂಗಳದ ಮೂಲೆಯಲ್ಲಿ ನಿಂತಿದ್ದ. ಅವ್ವ ನಿಂಗಮ್ಮ ನೂರು ಜನರ ಮುಂದೆ ಅವನನ್ನು ಕೇಳಿದಳು: "ಜ್ವಾಳದ ಜತಿಗೆ ನನ್ನ ಮಗನ್ನೂ ಒಣಗಿಸಿದೆಲ್ಲೋ?" ಜಯಪ್ಪ ತಲೆ ತಗ್ಗಿಸಿಕೊಂಡು ಹೋದ. ಅಂದಿನಿಂದ ಊರ ಬಾಯಲ್ಲಿ ಅವನು ಜ್ವಾಳದ ಜಯಪ್ಪನಾದ. ಅವನ ಮೇಲೆ ಕೇಸಾಯಿತು. ಬರುವ ಸೋಮವಾರ ಶಿಕಾರಿಪುರದ ಕೋರ್ಟಿನಲ್ಲಿ ಮಾಳೇಶ ಸಾಕ್ಷಿ ಹೇಳಬೇಕಿತ್ತು.

ಮಾಳೇಶನಿಗೆ ಅಳು ಬರಲಿಲ್ಲ. ಮಣ್ಣು ಮಾಡುವಾಗ ಬರಲಿಲ್ಲ, ಆಮೇಲೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವನ ಒಳಗೆಲ್ಲ ಜೋಮು ಹಿಡಿದಿತ್ತು. ಊಟಕ್ಕೆ ಕರೆದರೆ ಉಣ್ಣುತ್ತಿದ್ದ. ಮಂದೆಯ ಕಡೆ ಹೋಗು ಎಂದರೆ ಹೋಗುತ್ತಿದ್ದ. ಹೆಂಡತಿ ಸುಮಾ ಇವತ್ತು ಅಳುತ್ತಾನೆ, ನಾಳೆ ಅಳುತ್ತಾನೆ ಎಂದು ಕಾದು ಕಾದು, ಕಡೆಗೆ ಅವನ ಪಾಲಿನದನ್ನೂ ತಾನೇ ಅತ್ತು ಸುಮ್ಮನಾಗಿದ್ದಳು. ಅವ್ವನ ರೀತಿ ಬೇರೆ. ಮಲಗಿದವಳು ಏಳುವುದೇ ಇಲ್ಲವೇನೋ ಎಂದುಕೊಂಡಿದ್ದಾಗ ಜಯಪ್ಪನ ಮೇಲಿನ ಸಿಟ್ಟು ಅವಳನ್ನು ಎಬ್ಬಿಸಿ ನಿಲ್ಲಿಸಿತ್ತು. ಬೆಳಗಾದರೆ ಅವನನ್ನು ಬೈದೇ ಒಲೆ ಹಚ್ಚುತ್ತಿದ್ದಳು. ಆ ಸಿಟ್ಟೊಂದು ಇಲ್ಲದಿದ್ದರೆ ಅವಳೂ ಇರುತ್ತಿರಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಮಾಳೇಶ ಗ್ಯಾರೇಜಿನಿಂದ ಹೊರಟ. ಹೊಸ ಚೈನು ಸದ್ದೇ ಮಾಡುತ್ತಿರಲಿಲ್ಲ. ಸಂತೆಯ ಗದ್ದಲ ದಾಟಿ ತಾಳಗುಂದದ ದಾರಿ ಹಿಡಿದಾಗ ತಲೆಯಲ್ಲಿ ಲೆಕ್ಕ ಓಡುತ್ತಿತ್ತು, ಬೇರೆ ಯಾರದೋ ಲೆಕ್ಕವೆಂಬಂತೆ. ಆ ಕ್ಲಿಪ್ಪು ಎಲ್ಲೋ ಹುಲ್ಲಿನಲ್ಲಿ ಬಿದ್ದು ತುಕ್ಕು ತಿಂದಿರುತ್ತದೆ. ಗಾಡಿಯನ್ನು ಗುಜರಿಗೆ ಹಾಕಿಯಾಗಿದೆ. ಅವತ್ತು ಲಾಕು ಹಾಕಿದ್ದನ್ನು ಕಂಡವರಿಗೂ ಹೇಗೆ ಹಾಕಿದೆನೆಂಬುದು ಗೊತ್ತಿಲ್ಲ. ಸೋಮವಾರ ವಕೀಲರು ಹೇಳಿಕೊಟ್ಟ ನಾಲ್ಕು ಮಾತು ಹೇಳಿಬಿಟ್ಟರೆ ಮುಗಿಯಿತು. ಜಯಪ್ಪ ಹೇಗೂ ಕೆಟ್ಟವನಾಗಿಯಾಗಿದೆ. ಅವ್ವ ಹೇಗೂ ಎದ್ದು ಓಡಾಡುತ್ತಿದ್ದಾಳೆ. ಬಾಯಿ ಬಿಟ್ಟರೆ ಅವ್ವನಿಗೆ ಉಳಿದಿರುವ ಒಬ್ಬ ಮಗನೂ ಹೋಗುತ್ತಾನೆ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಆದರೂ ಅವನ ಕೈ ಹೊಂಗೆ ಮರದ ಹತ್ತಿರ ಆಕ್ಸಿಲರೇಟರ್ ಬಿಟ್ಟಿತು.

ರಸ್ತೆಯುದ್ದಕ್ಕೂ ಮತ್ತೆ ಮೆಕ್ಕೆಜೋಳ ಹರವಿತ್ತು. ಹೆಂಗಸರು ಕಾಲಿನಲ್ಲಿ ಗೆರೆ ಎಳೆಯುತ್ತಾ ಕಾಳು ತಿರುವಿಹಾಕುತ್ತಿದ್ದರು. ಜಯಪ್ಪನ ಹೊಲದ ಎದುರಿಗೆ ಮಾತ್ರ ಟಾರು ಬರಿದಾಗಿತ್ತು. ಹೊಲವೂ ಬರಿದು. ಈ ವರ್ಷ ಅವನು ಬಿತ್ತಿರಲೇ ಇಲ್ಲ. ಮೊಣಕಾಲುದ್ದ ಕಳೆ ಬೆಳೆದು ಒಣಗಿತ್ತು. ಕಣ್ಣೆದುರಿಗೆ ಇಷ್ಟು ದಿನ ಇದ್ದದ್ದನ್ನು ಮಾಳೇಶ ನೋಡಿಯೂ ನೋಡದೆ ಹೋಗುತ್ತಿದ್ದ. ಇವತ್ತು ನೋಡಿದ. ನೋಡಿ, ಗಾಡಿಯನ್ನು ಜಯಪ್ಪನ ಊರೊಳಗೆ ತಿರುಗಿಸಿದ.

ಜಯಪ್ಪ ಮನೆಯ ಮುಂದೆ ಕೂತು ಗುದ್ದಲಿಯ ಕಾವು ಹೆರೆಯುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಈಗ ಅಂಗಿ ಭುಜದಿಂದ ಜಾರುತ್ತಿತ್ತು. ಮಾಳೇಶನನ್ನು ಕಂಡು ಕತ್ತಿ ಕೆಳಗಿಟ್ಟು ಎದ್ದು ನಿಂತ. ಬಾಗಿಲಿಗೆ ಬಂದ ಅವನ ಹೆಂಡತಿ ರಾಜೇಶ್ವರಮ್ಮ ಯಾರೆಂದು ತಿಳಿದ ಕೂಡಲೇ ಒಳಗೆ ಸರಿದಳು. ಕೋರ್ಟಿನ ಮಾತಿಗೆ ಬಂದಿದ್ದಾನೆಂದೇ ಜಯಪ್ಪ ತಿಳಿದಿದ್ದ.

"ಸೋಮವಾರ ಬರ್ತೀನಪ್ಪ, ತಪ್ಪಿಸಂಗಿಲ್ಲ" ಎಂದ. "ವಕೀಲರನ್ನೂ ಇಟ್ಟಿಲ್ಲ ನಾನು. ಜ್ವಾಳ ನಿಂದೇನು ಅಂತ ಸಾಹೇಬ್ರು ಕೇಳಿದ್ರೆ, ಹೌದು ಅಂತೀನಿ. ನಂದೇ ಐತಲ್ಲ."

ಮಾಳೇಶ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿದ. ಬಾ, ಕೂತ್ಕೋ ಎಂದು ಜಯಪ್ಪನನ್ನು ಚಕ್ರದ ಪಕ್ಕಕ್ಕೆ ಕರೆದ. ಹೊಸ ಕ್ಲಿಪ್ಪನ್ನು ಬೆರಳಿಟ್ಟು ತೋರಿಸಿದ. ಇದು ತಲೆ, ಇದು ಬಾಲ ಎಂದ. ಚಕ್ರ ತಿರುಗಿಸಿ ಮೇಲೆ ಹೋಗುವುದನ್ನೂ ಕೆಳಗೆ ಬರುವುದನ್ನೂ ತೋರಿಸಿದ. ಅಂದು ತಾನು ಹಾಕಿದ್ದು ಕೆಳಗಡೆ, ತಲೆ ಇಟ್ಟದ್ದು ಮುಂದೆ ಎಂದ. ಹೊಂಗೆ ಮರದ ಹತ್ತಿರ ಶುರುವಾಗಿದ್ದ ಕಪ್ಪು ಗೆರೆಯ ಮಾತನ್ನೂ ಹೇಳಿದ. ಇದೆಲ್ಲವನ್ನೂ ಅವನು ಕುರಿಯ ರೋಗದ ವಿಷಯ ಹೇಳುವವನಂತೆ ಒಂದೇ ದನಿಯಲ್ಲಿ ಹೇಳಿದ.

ಜಯಪ್ಪನ ತಲೆಗೆ ಒಂದೇ ಸಲಕ್ಕೆ ಹತ್ತಲಿಲ್ಲ. ತಾನೇ ಚಕ್ರ ತಿರುಗಿಸಿದ. ಕ್ಲಿಪ್ಪು ಮೇಲೆ ಹೋಗುವುದನ್ನು ನೋಡಿದ, ಕೆಳಗೆ ಬರುವುದನ್ನು ನೋಡಿದ. ಗ್ರೀಸು ಹತ್ತಿದ ಬೆರಳನ್ನು ಹೆಬ್ಬೆರಳಿಗೆ ಉಜ್ಜಿಕೊಂಡ.

"ಹಂಗಾರೆ ಚಕ್ರ ಮೊದ್ಲೇ ನಿಂತಿತ್ತು" ಎಂದ.

"ಹೂಂ."

"ಜ್ವಾಳದ ಮ್ಯಾಲೆ ಬರೋಕೆ ಮುಂಚೇನೇ."

"ಹೂಂ."

ಜಯಪ್ಪ ಬಾಗಿಲ ಕಡೆ ತಿರುಗಿದ. "ನಾನಲ್ಲಂತೆ ಕಣೇ" ಎಂದ. ಅದನ್ನು ಜೋರಾಗಿಯೇನೂ ಹೇಳಲಿಲ್ಲ. ಒಳಗಿನಿಂದ ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು ಕೇಳಿಸಿತು.

ಆಗ ಜಯಪ್ಪ ಎದ್ದು ಮಾಳೇಶನ ಅಂಗಿಯ ಕಾಲರನ್ನು ಹಿಡಿದ. ಹೊಡೆಯುತ್ತಾನೆ ಎಂದುಕೊಂಡ ಮಾಳೇಶ. ಹೊಡೆದರೆ ಹೊಡೆಯಲಿ, ಒಳ್ಳೆಯದೇ ಆಯಿತು ಎನ್ನಿಸಿತು. ವರ್ಷದಲ್ಲಿ ಅವನಿಗೆ ಏನಾದರೂ ಬೇಕೆನ್ನಿಸಿದ್ದು ಅದೇ ಮೊದಲು. ಆದರೆ ಜಯಪ್ಪನ ಕೈ ಸಡಿಲವಾಯಿತು, ಕಾಲರಿನಲ್ಲಿ ಕಪ್ಪು ಗುರುತು ಬಿಟ್ಟು ಕೆಳಗಿಳಿಯಿತು.

"ಒಂದ್ ವರ್ಷ ಕಣೋ" ಎಂದ ಅವನು. ಆಮೇಲೆ, "ನಿಮ್ಮವ್ವಗೆ ಹೇಳಿಯೇನು?" ಎಂದು ಕೇಳಿದ.

ಇಲ್ಲ ಎಂದ ಮಾಳೇಶ. ಈಗ ಹೋಗಿ ಹೇಳುತ್ತೇನೆ ಎಂದ.

ಜಯಪ್ಪ ಅವನ ಮುಖವನ್ನೇ ನೋಡಿದ. ಕುರಿ ಕೊಳ್ಳುವವನು ಹಲ್ಲು ನೋಡುವ ಹಾಗೆ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ. "ನೀನೊಬ್ಬನೇ ಹೋದ್ರೆ ಹೇಳಲ್ಲ ನೀನು" ಎಂದ. "ನಡಿ. ನಾನೂ ಬರ್ತೀನಿ."

ಇಬ್ಬರೂ ಒಂದೇ ಗಾಡಿಯಲ್ಲಿ ಹೋದರು. ತಾಳಗುಂದದ ಅಂಗಡಿ ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಜಯಪ್ಪ ಹಿಂದೆ ಕೂತು ಸೀಟಿನ ಕಂಬಿ ಹಿಡಿದುಕೊಂಡಿದ್ದ. ಮಾಳೇಶನ ಮೈಗೆ ಮೈ ತಾಗಿಸಿರಲಿಲ್ಲ. ಮಾಳೇಶನಿಗೆ ಒಳಗೆಲ್ಲೋ ನೋಯತೊಡಗಿತ್ತು. ಜೋಮು ಬಿಡುವಾಗ ಮೊದಲು ಹೀಗೇ ಚುಚ್ಚುತ್ತದೆ. ಅವನಿಗೆ ಹೆದರಿಕೆಯಾಯಿತು.

ನಿಂಗಮ್ಮ ಕಟ್ಟೆಯ ಮೇಲೆ ಹುರುಳಿ ಕೇರುತ್ತಿದ್ದಳು. ಮಗನ ಹಿಂದಿನಿಂದ ಇಳಿದವನನ್ನು ಕಂಡು ಮೊರ ಹಿಡಿದ ಕೈ ಹಾಗೇ ನಿಂತಿತು. ಎದ್ದಳು. ಬೈಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮಾಳೇಶ, ಗಾಡಿಯನ್ನು ಸ್ಟ್ಯಾಂಡಿಗೂ ಹಾಕದೆ, ಹ್ಯಾಂಡಲ್ ಹಿಡಿದುಕೊಂಡೇ ಹೇಳಿಬಿಟ್ಟ.

"ಲಾಕು ನಾನು ತಿರುಗುಮುರುಗು ಹಾಕಿದ್ದೆ ಅವ್ವಾ. ಅದು ಕಳಚಿ ಚಕ್ರ ನಿಂತದ್ದಕ್ಕೆ ಅವನು ಬಿದ್ದದ್ದು. ಜ್ವಾಳದಿಂದ ಅಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಏನಂತಾನೆ ಇವನು ಎಂಬಂತೆ, ರೂಢಿ ತಪ್ಪಿ, ಜಯಪ್ಪನ ಮುಖವನ್ನೇ ನೋಡಿದಳು. ಜಯಪ್ಪ ನೆಲ ನೋಡುತ್ತಿದ್ದ. ಮಾಳೇಶ ಮತ್ತೆ ಹೇಳಿದ, ಈ ಸಲ ಮೆಲ್ಲಗೆ, ಕುರಿಯ ಲೆಕ್ಕದಲ್ಲೇ. ಮುಂದೆ ಎಂದುಕೊಂಡದ್ದು ಅಲ್ಲಿ ಹಿಂದೆ ಆಗಿತ್ತು ಎಂದ. ಹೇಳಿ ಮುಗಿದ ಮೇಲೆ ನಿಂಗಮ್ಮನ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬೇರೆ ಏನೂ ಬಂದಿರಲಿಲ್ಲ. ಸೊರಗಿದ ಮುದುಕಿಯೊಬ್ಬಳು ಮೊರ ಹಿಡಿದು ನಿಂತಿದ್ದಳು, ಅಷ್ಟೆ.

"ಅವತ್ತು ಅಂವ, ಅಣ್ಣಾ ಕೊಡು, ನಾನೇ ಹಾಕ್ಕೋತೀನಿ ಅಂದ" ಎಂದಳು. "ನಾನು ಇಲ್ಲೇ ಕುಂತಿದ್ದೆ."

"ಅಂದಿದ್ದ" ಎಂದ ಮಾಳೇಶ.

"ನೀ ಕೊಡ್ಲಿಲ್ಲ."

"ಕೊಡ್ಲಿಲ್ಲವ್ವಾ."

ಅವಳು ಮೊರದಲ್ಲಿದ್ದ ಹುರುಳಿಯನ್ನು ಒಮ್ಮೆ ಕೈಯಾಡಿಸಿ ಸಮ ಮಾಡಿದಳು. ಇಬ್ಬರನ್ನೂ ನೋಡಲಿಲ್ಲ. ಹಿಂದಕ್ಕೆ ತಿರುಗಿ, ಹೊಸಿಲು ದಾಟುತ್ತಾ, "ಒಳಗೆ ಬಾರಪ್ಪ" ಎಂದಳು.

ಬಾ ಎಂದದ್ದು ಒಬ್ಬನಿಗೆ, ಯಾರಿಗೆ ಎಂದು ತಿಳಿಯುವಂತಿರಲಿಲ್ಲ. ಮಗ ಹೊಲದಿಂದ ಬಂದರೆ ಅವಳು ಕರೆಯುತ್ತಿದ್ದದ್ದೂ ಹಾಗೆಯೇ, ಮನೆಗೆ ಬಂದ ಪರಸ್ಥಳದವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಜಯಪ್ಪ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡದೆ, ಮಾಳೇಶನ ಕಡೆ ನೋಡಿದ. ಮಾಳೇಶ ಬಾಗಿಲ ಕಡೆ ನೋಡುತ್ತಿದ್ದ. ಒಳಗೆ ಕತ್ತಲಿತ್ತು. ಬಂದವರ ಕೈಕಾಲಿಗೆ ನೀರು ಕೊಡಲು ಹಂಡೆಯಲ್ಲಿ ಚೆಂಬು ಅದ್ದಿದ ಸದ್ದು ಕೇಳಿಸಿತು, ಒಂದು ಸಲ. ಇನ್ನೊಂದು ಸಲ ಕೇಳಿಸುತ್ತದೆಯೇನೋ ಎಂದು ಇಬ್ಬರೂ ಅಂಗಳದಲ್ಲೇ ನಿಂತಿದ್ದರು.